ಕುಷ್ಟಗಿ ಕಲ್ಲಿಗೆ ಎಂಥ ಕಾರ್ಬೈಡ್ ಬೇಕು?

ಕುಷ್ಟಗಿ ಹತ್ತಿರದ ಗ್ರಾನೈಟ್ ಕ್ವಾರಿಯಲ್ಲಿ ನಮ್ಮ ಮಾಮ ಡ್ರಿಲ್ಲಿಂಗ್ ಮೇಸ್ತ್ರಿ. ಯುಗಾದಿಗೆ ಊರಿಗೆ ಹೋದಾಗ ಒಂದು ಬಟನ್ ಬಿಟ್ (ಮೂತಿಯಲ್ಲಿ ಕಾರ್ಬೈಡಿನ ಗುಂಡಿಗಳನ್ನು ಕೂರಿಸಿದ, ಕಲ್ಲು ಕೊರೆಯುವ ತುದಿ) ತಂದು ಕೈಗಿಟ್ಟರು. "ಭಾಳ ಗಟ್ಟಿ ಐತಿ ಅಂತ ಹೇಳಿ ಕೊಟ್ಟಾರ. ಸವೆಯೋದಿರ್ಲಿ, ಹಂಗ ಚಕ್ಕಿ ಎದ್ದು ಹೋಗಾಕತ್ಯಾವು. ನೀ ಇದರಾಗ ಕೆಲಸ ಮಾಡ್ತೀಯಲ್ಲ, ನೋಡು ತಮ್ಮಾ."

ನಾನಿರುವುದು ಕಾರ್ಬೈಡ್ ಲ್ಯಾಬಿನಲ್ಲಿ. ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಕೋಬಾಲ್ಟ್ ಲೋಹದಿಂದ ಬೆಸೆದ ಗಡಸು ವಸ್ತುವೇ ಈ ಕಾರ್ಬೈಡ್. ರಜೆ ಮುಗಿದ ಮೇಲೆ ಅದರ ಒಂದು ಬಟನ್ನನ್ನು ವಜ್ರದ ಚಕ್ರದಲ್ಲಿ ಕೊಯ್ದು, ವಜ್ರದ ಪೇಸ್ಟಿನಲ್ಲಿ ಕನ್ನಡಿಯಂತಾಗುವವರೆಗೆ ಉಜ್ಜಿ, ಕಣಗಳ ಅಂಚು ಎದ್ದು ಕಾಣುವಂತೆ ಮಾಡುವ ಮುರಕಾಮಿ ದ್ರಾವಣದಲ್ಲಿ ಅದ್ದಿ, 1500 ಪಟ್ಟು ಹಿಗ್ಗಿಸಿ ನೋಡಿದೆ. ಬಹುಪಾಲು ಕಣಗಳು 1 ಮೈಕ್ರಾನ್ ಆಸುಪಾಸು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು, ಚೂಪು ಮೂಲೆಯ ತ್ರಿಕೋನಾಕಾರದ ಕಣ, 20 ಮೈಕ್ರಾನಿಗೂ ದೊಡ್ಡದು. ಚಕ್ಕೆ ಎದ್ದ ಅಂಚಿನಲ್ಲೇ ಅಂಥದೊಂದು ಅಡ್ಡಡ್ಡ ಸೀಳಿತ್ತು.

ಆ ರಾತ್ರಿ ಫೋನಿನಲ್ಲಿ ಮಾಮನಿಗೆ ಕಲ್ಲುಸಕ್ಕರೆ ಲೆಕ್ಕದಲ್ಲಿ ಹೇಳಿದೆ. ಪಾಕದಲ್ಲಿ ಸಣ್ಣ ಹರಳು ಕರಗುತ್ತದೆ, ಕರಗಿದ್ದು ಹೋಗಿ ದೊಡ್ಡ ಹರಳಿಗೆ ಅಂಟುತ್ತದೆ. ಪುಡಿಯನ್ನು ಕಾಯಿಸಿ ಗಟ್ಟಿ ತುಂಡಾಗಿಸುವ ಸಿಂಟರಿಂಗ್ ಕುಲುಮೆಯಲ್ಲಿ ಪಾಕದ ಕೆಲಸ ಕೋಬಾಲ್ಟಿನದು. ಬರೀ ಕೋಬಾಲ್ಟ್ ಕರಗಲು 1495 ಡಿಗ್ರಿ ಬೇಕು. ಟಂಗ್‌ಸ್ಟನ್ ಕಾರ್ಬೈಡ್ ಜೊತೆಗಿದ್ದರೆ 1300 ಡಿಗ್ರಿ ಆಸುಪಾಸಿನಲ್ಲೇ ನೀರಾಗುತ್ತದೆ. ಪುಡಿ ನಯವಾದಷ್ಟೂ ಕರಗುವ ಆತುರ ಹೆಚ್ಚು. ಆ ನಯ ಪುಡಿಯಲ್ಲಿ ನಾಲ್ಕು ದಪ್ಪ ಕಣ ಸೇರಿಕೊಂಡಿದ್ದರೆ ಸುತ್ತಲಿನದ್ದನ್ನೆಲ್ಲ ತಿಂದು ಅವೇ ಬೆಳೆಯುತ್ತವೆ.

ಇದಕ್ಕೆ ಕಡಿವಾಣ ಇದೆ. ಶೇಕಡಾ ಒಂದಕ್ಕಿಂತ ಕಡಿಮೆ ವೆನೇಡಿಯಂ ಕಾರ್ಬೈಡ್ ಇಲ್ಲವೇ ಕ್ರೋಮಿಯಂ ಕಾರ್ಬೈಡ್. ವೆನೇಡಿಯಂ ಕಣದ ಮೈಗೆ ತೆಳ್ಳಗೆ ಅಂಟಿ ಹೊಸ ಪದರ ಕೂರದಂತೆ ತಡೆಯುತ್ತದೆ. ಇದನ್ನು ಪುಡಿ ಅರೆಯುವಾಗಲೇ ಬೆರೆಸಿರಬೇಕು, ಏಕೆಂದರೆ ತೀರಾ ನಯವಾದ ಪುಡಿ ಕೋಬಾಲ್ಟ್ ಕರಗುವ ಮೊದಲೇ, ಬಿಸಿ ಏರುವ ಹಾದಿಯಲ್ಲೇ ಬೆಳೆಯಲು ಶುರುಮಾಡುತ್ತದೆ. ಇಂಗಾಲದ ಕಾಟ ಬೇರೆ: ಟಂಗ್‌ಸ್ಟನ್ ಕಾರ್ಬೈಡಿನಲ್ಲಿ ಅದು ತೂಕದ ಶೇ. 6.13. ಮಿಶ್ರಣದಲ್ಲಿ ಹೆಚ್ಚಾದರೆ ಕಣ ಬೇಗ ಬೆಳೆಯುತ್ತದೆ, ಗ್ರಾಫೈಟ್ ಉಳಿಯುತ್ತದೆ. ಕಡಿಮೆಯಾದರೆ ಈಟಾ ಎನ್ನುವ ಪೆಡಸು ಹಂತ ಹುಟ್ಟುತ್ತದೆ. ನಮ್ಮ ಲ್ಯಾಬಿನ ಅರ್ಧ ಜಗಳ ಈ ಇಂಗಾಲದ್ದೇ.

ಆದರೆ ನನಗೆ ಸಿಟ್ಟು ಬಂದದ್ದು ಆ ದೊಡ್ಡ ಕಣಗಳ ಮೇಲಷ್ಟೇ ಅಲ್ಲ, ಇಷ್ಟು ನಯ ಕಣದ ಮಾಲನ್ನು ಕಲ್ಲಿಗೆ ಕೊಟ್ಟದ್ದರ ಮೇಲೂ. ಕಣ ಸಣ್ಣದಾದರೆ ಗಡಸು ಏರುತ್ತದೆ, ನಿಜ; ಉಕ್ಕು ಕಡಿಯುವ ಉಪಕರಣಕ್ಕೆ ಅದು ಸರಿ. ಬಿಟ್ಟಿಗೆ ಪ್ರತಿ ಕ್ಷಣ ಏಟು. ಅದಕ್ಕೆ ಬೇಕಾದ್ದು ಸಮನಾಗಿ ಬೆಳೆಸಿದ 2ರಿಂದ 5 ಮೈಕ್ರಾನಿನ ದಪ್ಪ ಕಣ, ಶೇ. 6ರಿಂದ 10 ಕೋಬಾಲ್ಟ್. ಅಲ್ಲಿ ಬಿರುಕು ಸುತ್ತಿ ಬಳಸಿ ಹೋಗಬೇಕಾಗುತ್ತದೆ, ಸುಲಭಕ್ಕೆ ಮುಂದೆ ಸಾಗದು. ಗಡಸಿನ ಅಂಕಿಯೊಂದನ್ನೇ ತೋರಿಸಿ ಕ್ವಾರಿಯವರಿಗೆ ಮಾಲು ಮಾರುವುದು ಅನ್ಯಾಯ. ಬಿಟ್ ಕೈಕೊಟ್ಟ ದಿನ ಕೂಲಿ ಹೋಗುವುದು ಡ್ರಿಲ್ಲರನದು.

"ಹಂಗಾರ ದಪ್ಪ ಕಣದ್ದ ಕೊಡ್ರಿ ಅಂತ ಕೇಳ್ಲಿ?" ಅಂದರು ಮಾಮ.

"ಹೂಂ ಮಾಮಾ, ಕಲ್ಲು ಕೊರೆಯೋ ಗ್ರೇಡ್ ಅಂತ ಬರೆಸ್ಕೋರಿ. ಕಣದ ಫೋಟೋ ಕೇಳ್ರಿ."

"ಸಾಣಿ ಯಾವಾಗ ಹಿಡೀಬೇಕು?"

"ಬಟನ್ ತಲೆ ಸವೆದು, ಅದರ ಅಗಲದ ಮೂರನೇ ಒಂದು ಪಾಲು ಚಪ್ಪಟೆ ಆಗೋದ್ರೊಳಗ. ಅದಕ್ಕೂ ತಡ ಮಾಡಿದ್ರ ಒಳ್ಳೇ ಗ್ರೇಡೂ ಸೀಳತೈತಿ."