ಒಂದು ಕರ್ಸರ್ ಓದೋಕೆ, ಇನ್ನೊಂದು ಬರೆಯೋಕೆ

ನಮ್ಮದು ಲಾರಿ ಬಾಡಿಗೆಯ ಬಿಲ್ ಹಾಕುವ ಸಾಫ್ಟ್‌ವೇರ್. ಅದರ ದರದ ಫೈಲೇ ಸಾವಿರ ಸಾಲು ದಾಟುತ್ತದೆ. ಕರ್ನಾಟಕದ 31 ಜಿಲ್ಲೆಗೂ ಅದರಲ್ಲಿ ಒಂದೊಂದು ತುಣುಕು. ಹೊಸ ದರ ಬಂದಾಗ ಮೇಲಿನ ಯಾವುದೋ ಸಾಲು ಕಾಪಿ ಮಾಡಿ ಕೆಳಗೆ ಹಾಕಿ ತಿದ್ದುವುದು ನನ್ನ ಪಾಲಿನ ಕೆಲಸ.

ಕೆಲಸಕ್ಕೆ ಸೇರಿದ ಹೊಸತು. ಹಾವೇರಿಯ ತುಣುಕಿನಲ್ಲಿ ಕರ್ಸರ್ ಇಟ್ಟಿದ್ದೆ. ಬೇಕಾದ ಸಾಲು 23ನೇದು, ತುಂಬಾ ಮೇಲೆ. ಸ್ಕ್ರೋಲ್ ಮಾಡಿಕೊಂಡು ಹೋಗಿ ಅದರ ಮೇಲೆ ಕ್ಲಿಕ್ ಮಾಡಿದೆ. ಅಷ್ಟಕ್ಕೇ ಕರ್ಸರ್ ಹಾವೇರಿ ಬಿಟ್ಟು ಅಲ್ಲಿಗೆ ಬಂತು. ವಾಪಸ್ ಇಳಿಯುವಾಗ ಕಣ್ಣಿಗೆ ಬಿದ್ದದ್ದು ಫೈಲಿನಲ್ಲಿ ಪಕ್ಕದಲ್ಲೇ ಇದ್ದ ಹಾಸನದ ತುಣುಕು. ಎರಡೂ 'ಹಾ', ಎರಡೂ ಮೂರೇ ಅಕ್ಷರ. ಪೇಸ್ಟ್ ಮಾಡಿ, ಸೇವ್ ಕೊಟ್ಟು ಮನೆಗೆ ಹೋದೆ. ಮೂರನೇ ದಿನ ಅಕೌಂಟ್ಸ್‌ನವರ ಫೋನು: "ಹಾಸನದ ಬಿಲ್ಲಿಗೆ ಹಾವೇರಿ ದರ ಬೀಳ್ತಿದೆಯಲ್ಲ ಸರ್?"

ನಮ್ಮ ಸೀನಿಯರ್ ಬೈಯಲಿಲ್ಲ. "ಅಲ್ಲ ಮಾರಾಯ, ಒಂದು ಸಾಲು ತರೋಕೆ ನೀನ್ಯಾಕೆ ಅಲ್ಲೀವರೆಗೂ ಹೋಗ್ತೀಯ?" ಅಂದರು. ಅವರದು ವಿಮ್ ಎಡಿಟರ್, ಆದೇಶ ಟೈಪ್ ಮಾಡಿ ಫೈಲ್ ತಿದ್ದುವಂಥದ್ದು. ಹಾವೇರಿಯಲ್ಲೇ ನಿಂತು ಕೋಲನ್, 23, ಟಿ, ಒಂದು ಚುಕ್ಕಿ ಒತ್ತಿ ಎಂಟರ್ ಕೊಟ್ಟರು. 23ನೇ ಸಾಲಿನ ನಕಲು ಕಾಲಬುಡಕ್ಕೇ ಬಂದು ಬಿತ್ತು. ಟಿ ಅಂದರೆ 'ನಕಲು ಮಾಡು', ಚುಕ್ಕಿ ಅಂದರೆ 'ನಾನು ನಿಂತ ಸಾಲು', ಅಷ್ಟೇ.

ಆಮೇಲೆ ಗೊತ್ತಾಯಿತು, ಬರೆಯುವ ಜಾಗ ಬಿಡದೆ ಬೇರೆ ಕಡೆಯದನ್ನು ತರುವ ಈ ಯೋಚನೆ ನನಗಿಂತ ಹಳೆಯದು. 1981ರಲ್ಲಿ ಇಂಗ್ಲೆಂಡಿನ ಏಕಾರ್ನ್ ಕಂಪನಿ ತಂದ ಬಿಬಿಸಿ ಮೈಕ್ರೋ ಕಂಪ್ಯೂಟರಿನಲ್ಲಿ ಬಾಣದ ಕೀಲಿ ಒತ್ತಿದರೆ ಕರ್ಸರ್ ಎರಡಾಗುತ್ತಿತ್ತು. ಬರೆಯುವ ಜಾಗದಲ್ಲಿ ಒಂದು ಬಿಳಿ ಚೌಕ ಉಳಿಯುತ್ತಿತ್ತು, ಇನ್ನೊಂದು ಪರದೆಯ ಮೇಲೆ ಓಡಾಡುತ್ತಿತ್ತು. ಕಾಪಿ ಅಂತಲೇ ಬೇರೆ ಕೀಲಿ. ಒತ್ತಿದ ಹಾಗೆಲ್ಲ ಅಲ್ಲಿನ ಒಂದೊಂದು ಅಕ್ಷರ ಇಲ್ಲಿಗೆ. ಎಷ್ಟು ಚೆಂದ ಅಲ್ವಾ?

ನಾನು ಬಳಸುವ ಎಡಿಟರ್ ವಿಎಸ್ ಕೋಡ್‌ನಲ್ಲಿ ಆಲ್ಟ್ ಹಿಡಿದು ಕ್ಲಿಕ್ ಮಾಡಿದರೆ ಎರಡನೇ ಕರ್ಸರ್ ಬರುತ್ತದೆ, ನಿಜ. ಆದರೆ ಅವೆರಡೂ ಬರೆಯುವ ಕರ್ಸರ್‌ಗಳೇ. ಟೈಪ್ ಮಾಡಿದ್ದು ಎರಡೂ ಕಡೆ ಬೀಳುತ್ತದೆ. ಓದೋಕೊಂದು ಬೇಕು ಅನ್ನುವವರಿಗೆ ಅದು ಸುಮ್ನೆ ತಲೆನೋವು. ಹಾಗಾಗಿ ಕಿಟಕಿ ಸೀಳಿ ಅದೇ ಫೈಲನ್ನು ಅಕ್ಕಪಕ್ಕ ತೆರೆದುಕೊಳ್ಳುತ್ತೇನೆ. ಎರಡು ಕಡೆಗೂ ಅದರದರದೇ ಕರ್ಸರ್. ಎಡಗಡೆ ಕಾಪಿ ಮಾಡಿ ಕಂಟ್ರೋಲ್ 2 ಒತ್ತಿ ಬಲಗಡೆಗೆ ಹೋದರೆ ಅಲ್ಲಿ ಹಾವೇರಿಯ ಕರ್ಸರ್ ಇಟ್ಟಲ್ಲೇ ಮಿನುಗುತ್ತಿರುತ್ತದೆ.

ಸೀನಿಯರ್ ನೋಡಿ ನಕ್ಕರು. "ಟಿ ಅನ್ನೋ ಒಂದಕ್ಷರ ಕಲಿಯೋಕಾಗದೆ ಅರ್ಧ ಪರದೆ ಬಿಟ್ಟುಕೊಟ್ಟೆಯಲ್ಲ!"