ಶೆನಂಡೋವಾದ ಎರಡು ಬಣ್ಣದ ವಯೊಲೆಟ್ ಹುಡುಕಿ ಹೊರಡುವವರಿಗೆ

ಏಪ್ರಿಲ್ ಕೊನೆಯ ವಾರ ನಾವಿಬ್ಬರು ವರ್ಜೀನಿಯಾದ ಶೆನಂಡೋವಾ ರಾಷ್ಟ್ರೀಯ ಉದ್ಯಾನಕ್ಕೆ ಹೋದದ್ದು ಒಂದೇ ಒಂದು ಹೂವಿಗಾಗಿ. ಎಲೆ ಹಕ್ಕಿಯ ಪಾದದಂತೆ ಸೀಳಿಕೊಂಡಿರುವುದರಿಂದ ಬರ್ಡ್ಸ್‌ಫೂಟ್ ಎಂದು ಹೆಸರಾದ ಈ ವಯೊಲೆಟ್ (ವಯೋಲಾ ಪೆಡಾಟಾ) ಅಮೆರಿಕದ ಪೂರ್ವಭಾಗದ ಹಲವೆಡೆ ಬೆಳೆಯುತ್ತದೆ. ಉತ್ತರದ ವಿಸ್ಕಾನ್ಸಿನ್, ಮಿನ್ನೆಸೋಟಗಳಲ್ಲಿ ಐದೂ ಎಸಳು ಒಂದೇ ತಿಳಿನೇರಳೆಯ ಹೂವೇ ಸಾಮಾನ್ಯ. ಮೇಲಿನ ಎರಡು ಎಸಳು ಮಖಮಲ್ಲಿನಂತೆ ಕಡುನೇರಳೆಯಾಗಿ, ಕೆಳಗಿನ ಮೂರು ತಿಳಿಯಾಗಿರುವ ‘ಬೈಕಲರ್’ ರೂಪವನ್ನು ನೋಡಲು ಇತ್ತ ಬರುವುದು ಒಳ್ಳೆಯದು.

ಮೊದಲ ದಿನ ಎಲೆಯನ್ನಷ್ಟೇ ನಂಬಿ ಮೋಸಹೋದೆವು. ಓಕ್ ಮರಗಳ ನೆರಳಿನಲ್ಲಿ ಸಿಕ್ಕ ಸೀಳೆಲೆಯ ಗಿಡವೇ ಅದೆಂದು ಅರ್ಧ ಗಂಟೆ ಚಿತ್ರ ತೆಗೆದ ಮೇಲೆ, ಅದು ವಯೋಲಾ ಪಾಲ್ಮೇಟಾ ಎಂಬ ಬೇರೊಂದು ವಯೊಲೆಟ್ ಎಂದು ತಿಳಿಯಿತು. ನೋಡಬೇಕಾದದ್ದು ಹೂವಿನ ನಡುಭಾಗವನ್ನು. ಪೆಡಾಟಾದಲ್ಲಿ ಕೇಸರಗಳ ಕಿತ್ತಳೆ ಬಣ್ಣದ ತುದಿ ಹೊರಚಾಚಿರುತ್ತದೆ, ಪಕ್ಕದ ಎಸಳುಗಳ ಬುಡ ನುಣುಪಾಗಿರುತ್ತದೆ; ಪಾಲ್ಮೇಟಾದಲ್ಲಿ ಅದೇ ಜಾಗದಲ್ಲಿ ರೋಮಗಳಿದ್ದು ಕೇಸರಗಳು ಒಳಗೇ ಅಡಗಿರುತ್ತವೆ. ಹತ್ತು ಪಟ್ಟು ಹಿಗ್ಗಿಸುವ ಪುಟ್ಟ ಮಸೂರವೊಂದು ಜೇಬಿನಲ್ಲಿದ್ದರೆ ಈ ಗೊಂದಲವೇ ಇರುವುದಿಲ್ಲ.

ದಟ್ಟ ನೆರಳು ಬರ್ಡ್ಸ್‌ಫೂಟ್‌ಗೆ ಆಗದು. ಮರುದಿನ ಬಿಸಿಲು ಬೀಳುವ, ನೀರು ನಿಲ್ಲದ ಕಲ್ಲುಮಣ್ಣಿನ ದರೆಗಳನ್ನೇ ಹುಡುಕಿದಾಗ, ಒಂದು ದರೆಯ ಮೇಲೆ ಎರಡೂ ರೂಪಗಳು ಗೇಣಿನ ಅಂತರದಲ್ಲಿ ಅರಳಿದ್ದನ್ನು ಕಂಡು ಬಹಳ ಹೊತ್ತು ಅಲ್ಲೇ ಕುಳಿತೆವು. ಹೀಗೆ ಬೆರೆತು ಬೆಳೆಯುವುದರಿಂದಲೇ ಬೈಕಲರ್ ರೂಪವನ್ನು ಪ್ರತ್ಯೇಕ ಪ್ರಭೇದವೆನ್ನದೆ ಕೇವಲ ಬಣ್ಣದ ವ್ಯತ್ಯಾಸವೆನ್ನುವ ಸಸ್ಯಶಾಸ್ತ್ರಜ್ಞರಿದ್ದಾರೆ. ನನಗೂ ಅದೇ ಸರಿಯೆನಿಸಿತು. ಆದ್ದರಿಂದ ಒಂದೇ ಹೂವನ್ನು ನೋಡಿ ತೀರ್ಮಾನಿಸದೆ, ಸುತ್ತಲಿನ ಗಿಡಗಳನ್ನೂ ಎಣಿಸಿ ಬರೆದುಕೊಳ್ಳಿ. ನಡುಹಗಲಿನ ಬಿಸಿಲಿನಲ್ಲಿ ಫೋನಿನ ಕ್ಯಾಮೆರಾ ನೇರಳೆಯನ್ನು ನೀಲಿಯಾಗಿಸುವುದುಂಟು. ಮೈಯ ನೆರಳು ಕೊಟ್ಟು, ಎದುರಿನಿಂದಲೂ ಪಕ್ಕದಿಂದಲೂ ಎಲೆಸಹಿತ ಚಿತ್ರ ತೆಗೆಯಿರಿ. ಗಿಡ ಕೀಳುವುದು ಉದ್ಯಾನದಲ್ಲಿ ನಿಷಿದ್ಧ.

ಉದ್ಯಾನದ ಉದ್ದಕ್ಕೂ ಸಾಗುವ 105 ಮೈಲಿಯ ರಸ್ತೆ ಸ್ಕೈಲೈನ್ ಡ್ರೈವ್‌ನಲ್ಲಿ ವೇಗದ ಮಿತಿ ಗಂಟೆಗೆ 35 ಮೈಲಿ. ಎರಡು ದಿನವಾದರೂ ಇಟ್ಟುಕೊಳ್ಳಿ. ತಗ್ಗಿನಲ್ಲಿ ಹೂ ಮುಗಿದಿದ್ದರೆ ಎತ್ತರದ ಕಡೆ ಹೋಗಿ ನೋಡಿ. ಉಣುಗಿನ ಭಯ ಮಲೆನಾಡಿನವರಿಗೆ ಹೊಸದಲ್ಲ. ಇಲ್ಲಿಯ ಉಣುಗು ಲೈಮ್ ರೋಗ ಹರಡುತ್ತದೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಿ, ಸಂಜೆ ಮಂಡಿಯ ಹಿಂಭಾಗವನ್ನೂ ಕಂಕುಳನ್ನೂ ತಪ್ಪದೆ ಪರೀಕ್ಷಿಸಿ.