ಒಂದೇ ಮಾಡಿನ ಕೆಳಗಿನ ಸರಕು

ಕಳೆದ ಮೇ ತಿಂಗಳ ಕೊನೆಯಲ್ಲಿ, ಶಿರಸಿ ಪೇಟೆಯಲ್ಲಿ ಕೃಷಿ ಸಾಮಗ್ರಿಗಳ ಅಂಗಡಿ ನಡೆಸುವ ನನ್ನ ತಂಗಿಯ ಮಗ ಹೊಸದಾಗಿ ಬಾಡಿಗೆಗೆ ಹಿಡಿದಿದ್ದ ಗೋದಾಮಿನಲ್ಲಿ ಒಂದಿಡೀ ಹಗಲು ಕಳೆದೆ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಉದ್ದಿಮೆ ಪರವಾನಗಿಗೆ ಅರ್ಜಿ ಹಾಕುವ ಮುನ್ನ ಯಾವ ಸರಕನ್ನು ಎಲ್ಲಿಡಬೇಕೆಂದು ಹೇಳಿಕೊಡುವಂತೆ ಅವನು ಕೇಳಿದ್ದ. ಹಂಚಿನ ಮಾಡಿನ ಹಳೆಯ ಕಟ್ಟಡ ಅದು. ಒಂದೇ ಉದ್ದನೆಯ ಕೋಣೆ, ಎದುರಿಗೊಂದು ಬಾಗಿಲು, ಹಿಂದೆ ನೀರು ಹರಿದುಹೋಗುವ ಸಣ್ಣ ಚಡಿ. ಅಡಿಕೆ ತೋಟಗಳಿಗೆ ಕೊಳೆರೋಗದ ಔಷಧಿ ಹೊಡೆಯುವ ಕಾಲ ಹತ್ತಿರ ಬಂದಿದ್ದರಿಂದ ಮೈಲುತುತ್ತದ (ತಾಮ್ರದ ಸಲ್ಫೇಟ್) ಚೀಲಗಳು ಆಗಲೇ ಬಂದಿಳಿದಿದ್ದವು. ಅವುಗಳಿಗೆ ತಾಗಿಕೊಂಡು ಸುಟ್ಟ ಸುಣ್ಣ, ಅದರಾಚೆ ಬ್ಲೀಚಿಂಗ್ ಪೌಡರ್, ಶೌಚಾಲಯ ತೊಳೆಯುವ ಆ್ಯಸಿಡ್ಡಿನ ಕ್ಯಾನುಗಳು, ಕೀಟನಾಶಕದ ಪೆಟ್ಟಿಗೆಗಳು, ಬಣ್ಣಕ್ಕೆ ಬೆರೆಸುವ ಥಿನ್ನರ್, ಹುಲ್ಲು ಕೊಯ್ಯುವ ಯಂತ್ರ ತೋರಿಸಲೆಂದು ಇಟ್ಟಿದ್ದ ಪೆಟ್ರೋಲು, ಗೋಡೆಯ ಪಕ್ಕದಲ್ಲಿ ದನಗಳ ಹಿಂಡಿಯ ಚೀಲಗಳ ರಾಶಿ.

"ದೊಡ್ಡಾಯಿ, ಒಂದೊಂದಕ್ಕೂ ಬೇಕಾದ ಕಾಗದ ಮಾಡಿಸ್ತಾ ಇದ್ದೆ. ಮತ್ತೆಂತಕ್ಕೆ ಹೆದರಿಕೆ?" ಎಂದು ಅವನು ಕೇಳಿದ. ಅವನ ಮಾತು ಸುಳ್ಳಾಗಿರಲಿಲ್ಲ. ಆದರೆ ನನ್ನ ಆತಂಕ ಇದ್ದದ್ದೇ ಆ "ಒಂದೊಂದಕ್ಕೂ" ಎಂಬುದರಲ್ಲಿ. ಕೀಟನಾಶಕವನ್ನು ಕೃಷಿ ಇಲಾಖೆ ನೋಡುತ್ತದೆ, ಪೆಟ್ರೋಲಿಯಂ ಉತ್ಪನ್ನಗಳಿಗೆ ಕೇಂದ್ರದ ಸ್ಫೋಟಕ ಸುರಕ್ಷತಾ ಸಂಸ್ಥೆ ಇದೆ, ಆ್ಯಸಿಡ್ಡಿನ ಲೆಕ್ಕ ಉಪವಿಭಾಗಾಧಿಕಾರಿಗೆ ಹೋಗಬೇಕು, ಕಟ್ಟಡ ಮತ್ತು ವ್ಯಾಪಾರ ನಗರಸಭೆಯ ಪಾಲಿಗೆ ಬರುತ್ತವೆ. ಪ್ರತಿಯೊಂದು ನಿಯಮವೂ ತನ್ನ ವಸ್ತುವನ್ನಷ್ಟೇ ನೋಡುತ್ತದೆ. ಪಕ್ಕದಲ್ಲಿ ಏನಿದೆ ಎಂದು ನೋಡುವ ಹೊಣೆ ಬೀಗದಕೈ ಇಟ್ಟುಕೊಂಡವನ ಮೇಲೆಯೇ ಬೀಳುತ್ತದೆ.

ಮೊದಲು ಪೆಟ್ರೋಲು ಮತ್ತು ಥಿನ್ನರನ್ನು ಕೈಗೆತ್ತಿಕೊಂಡೆವು. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ, 23 ಡಿಗ್ರಿ ಸೆಲ್ಸಿಯಸ್ಸಿಗಿಂತ ಕಡಿಮೆ ಉಷ್ಣತೆಯಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ದ್ರವಗಳು 'ಎ' ವರ್ಗಕ್ಕೆ ಸೇರುತ್ತವೆ. ಈ ವರ್ಗದ ದ್ರವವನ್ನು ಪರವಾನಗಿಯಿಲ್ಲದೆ 30 ಲೀಟರಿನವರೆಗೆ ಇಟ್ಟುಕೊಳ್ಳಬಹುದು. ಆದರೆ ಅದು ಮಾರಾಟಕ್ಕಾಗಿ ಇರಬಾರದು, ಮತ್ತು ಗಾಜಿನ ಅಥವಾ ಪಿಂಗಾಣಿಯ ಪಾತ್ರೆಯಾದರೆ ಒಂದು ಲೀಟರು, ಲೋಹದ್ದಾದರೆ 25 ಲೀಟರು ಮೀರದ, ಭದ್ರವಾಗಿ ಮುಚ್ಚಿದ ಪಾತ್ರೆಯಲ್ಲಿರಬೇಕು. ನಮ್ಮಲ್ಲಿ ಎಲ್ಲರೂ ಬಳಸುವ ಪ್ಲಾಸ್ಟಿಕ್ ಕ್ಯಾನಿನ ಹೆಸರೇ ಅಲ್ಲಿಲ್ಲ. ಟಾಲ್ವೀನಿನಂಥ ಹೈಡ್ರೋಕಾರ್ಬನ್ ಬೆರೆತ ಥಿನ್ನರ್ ಕೂಡ ಕಾಯ್ದೆಯ ಅರ್ಥದಲ್ಲಿ ಪೆಟ್ರೋಲಿಯಮ್ಮೇ ಆಗಿರುವುದರಿಂದ, ಮಾರಾಟಕ್ಕಿಟ್ಟ ಥಿನ್ನರಿಗೆ ಆ 30 ಲೀಟರಿನ ವಿನಾಯಿತಿ ಸಿಗುವುದಿಲ್ಲ ಎಂದು ವಿವರಿಸಿದೆ. ಅವನು ಹೆಚ್ಚು ವಾದಿಸದೆ, ಥಿನ್ನರಿನ ವ್ಯಾಪಾರವನ್ನೇ ಬಿಡುವುದಾಗಿ ಹೇಳಿ ಮಧ್ಯಾಹ್ನದೊಳಗೆ ಅದನ್ನು ಸರಬರಾಜುದಾರರಿಗೆ ಹಿಂದಿರುಗಿಸಿದ.

ಹೆಚ್ಚು ಹೊತ್ತು ಹಿಡಿದದ್ದು ಸುಣ್ಣ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಎಂಬ ಲೆಕ್ಕ ಇಲ್ಲಿನ ಪ್ರತಿ ಬೆಳೆಗಾರನಿಗೂ ಬಾಯಿಪಾಠ. ನೀರು ಹಾಕಿ ಹೊಸದಾಗಿ ಅರಳಿಸಿದ ಸುಣ್ಣದಿಂದ ದ್ರಾವಣ ಚೆನ್ನಾಗಿ ಕೂಡುವುದರಿಂದ ಸುಟ್ಟ ಸುಣ್ಣಕ್ಕೇ ಬೇಡಿಕೆ. ಮೈಲುತುತ್ತ ಮತ್ತು ಕೀಟನಾಶಕಗಳಿಗೆ ಹೆದರುವ ಜನ ಸುಣ್ಣವನ್ನು ಅಪಾಯದ ವಸ್ತುವೆಂದೇ ಎಣಿಸುವುದಿಲ್ಲ. ಆದರೆ ಶಿರಸಿಯ ಮಳೆಗಾಲದಲ್ಲಿ, ಹಂಚು ಜರುಗಿದ ಮಾಡಿನ ಕೆಳಗೆ, ನನ್ನ ದೃಷ್ಟಿಯಲ್ಲಿ ಆ ಕೋಣೆಯ ಅತ್ಯಂತ ಅಪಾಯಕಾರಿ ಸರಕು ಅದೇ ಆಗಿತ್ತು. 56 ಕಿಲೊ ಶುದ್ಧ ಸುಟ್ಟ ಸುಣ್ಣ 18 ಕಿಲೊ ನೀರಿನೊಡನೆ ಸೇರಿ ಅರಳುತ್ತದೆ. ಆಗ ಹುಟ್ಟುವ ಶಾಖ ಹೊರಹೋಗಲು ಜಾಗವಿಲ್ಲದೆ ರಾಶಿಯೊಳಗೇ ಉಳಿದರೆ ಗೋಣಿ, ಕಾಗದ, ಮರದ ಹಲಗೆ ಹೊತ್ತಿಕೊಳ್ಳುವಷ್ಟು ಕಾವು ಏರಬಲ್ಲದು. ಹೊಗೆ ಕಂಡವರು ಮೊದಲು ಮಾಡುವುದು ನೀರು ಸುರಿಯುವ ಕೆಲಸ. ಇಲ್ಲಿ ಮಾಡಬಾರದ ಕೆಲಸವೂ ಅದೇ. ಇದನ್ನು ಹೇಳಿದಾಗ ಚೀಲ ಹೊರುತ್ತಿದ್ದ ಹಮಾಲರೊಬ್ಬರು, ಬೆವರಿದ ಬೆನ್ನಿಗೆ ಸುಣ್ಣದ ಪುಡಿ ತಾಗಿ ಬೊಬ್ಬೆ ಎದ್ದ ಜಾಗವನ್ನು ತೋರಿಸಿದರು. ಬೇರೆ ವಿವರಣೆ ಬೇಕಾಗಲಿಲ್ಲ. ಸುಣ್ಣವನ್ನು ಬಿಗಿ ಮುಚ್ಚಳದ ಕಬ್ಬಿಣದ ಡ್ರಮ್ಮುಗಳಿಗೆ ತುಂಬಿ, ಹಿತ್ತಲಲ್ಲಿದ್ದ ತಗಡಿನ ಕೊಟ್ಟಿಗೆಯಲ್ಲಿ ನೆಲದಿಂದ ಎತ್ತರಕ್ಕೆ ಇಟ್ಟೆವು. ಕಬ್ಬಿಣವನ್ನು ತಿನ್ನುವ ಮೈಲುತುತ್ತವನ್ನು ಮಾತ್ರ ಮರದ ಹಲಗೆಯ ಮೇಲೆ, ಗೋಡೆಯಿಂದ ಬಿಡಿಸಿ ಜೋಡಿಸಿದೆವು.

ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. ಅವೆರಡನ್ನೂ ಕೋಣೆಯ ಎರಡು ತುದಿಗಳಿಗೆ ಕಳಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. 2013ರ ಸುಪ್ರೀಂ ಕೋರ್ಟ್ ಆದೇಶದಂತೆ ಆ್ಯಸಿಡ್ ಕೊಂಡವರ ಹೆಸರು, ವಿಳಾಸ, ಗುರುತಿನ ಚೀಟಿಯ ವಿವರಗಳ ಪುಸ್ತಕ ಇಡಬೇಕೆಂಬುದು ಅವನಿಗೆ ಗೊತ್ತಿತ್ತು.

ನನ್ನ ಮನಸ್ಸಿಗೆ ನಿಜವಾಗಿ ನೋವಾದದ್ದು ಹಿಂಡಿಯ ಚೀಲಗಳನ್ನು ನೋಡಿ. 1971ರ ಕೀಟನಾಶಕ ನಿಯಮಗಳು, ಇತರ ಸಾಮಾನುಗಳಿಂದ ದೂರವಿರುವ ಬೇರೆ ಕೋಣೆಯಲ್ಲಿ, ಇಲ್ಲವೇ ಪ್ರಮಾಣಕ್ಕೆ ತಕ್ಕಂತೆ ಬೀಗ ಹಾಕಿದ ಬೇರೆ ಕಪಾಟಿನಲ್ಲಿ ಕೀಟನಾಶಕಗಳನ್ನಿಡಬೇಕೆಂದು ಹೇಳುತ್ತವೆ. ಒಂದು ಬಾಟಲಿಯ ಮುಚ್ಚಳ ಸಡಿಲವಾಗಿ ಹಿಂಡಿಯ ಮೇಲೆ ಸೋರಿದರೆ, ಯಾರ ಕೊಟ್ಟಿಗೆಯ ಹಸು ಅದನ್ನು ತಿನ್ನುವುದೋ, ಯಾರ ಮನೆಯ ಮಗು ಆ ಹಾಲು ಕುಡಿಯುವುದೋ ಅಂಗಡಿಯವನಿಗೆ ತಿಳಿಯುವುದೇ ಇಲ್ಲ. ಹಿಂಡಿಯನ್ನು ಅಂದೇ ಅಂಗಡಿಯ ಅಟ್ಟಕ್ಕೆ ಸಾಗಿಸಲಾಯಿತು. ಹಿಂದಿನ ಚಡಿಯ ನೀರು ಹಳ್ಳಕ್ಕೆ ಹೋಗುತ್ತಿತ್ತು. ಅಘನಾಶಿನಿ ಹುಟ್ಟುವ ಊರಿನಲ್ಲಿ, ಮೀನಿಗೆ ವಿಷವಾಗುವ ಮೈಲುತುತ್ತದ ತೊಳೆ ನೀರನ್ನು ಹಳ್ಳಕ್ಕೆ ಬಿಡಲು ನಾನು ಒಪ್ಪಲಿಲ್ಲ. ಚಡಿಯ ಬಾಯಿ ಕಟ್ಟಿಸಿ, ಬಾಗಿಲ ಬಳಿ ಸಿಮೆಂಟಿನ ಸಣ್ಣ ಏರಿ ಹಾಕಿಸಲು ಗಾರೆಯವರಿಗೆ ಹೇಳಿ ಕಳಿಸಿದೆವು.

ಕರಾವಳಿಯ ದೊಡ್ಡ ಕಾರ್ಖಾನೆಗಳಿಗೆ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳಿವೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ಸಮಿತಿ ಇದೆ, ಅಣಕು ಕಾರ್ಯಾಚರಣೆ ನಡೆಯುತ್ತದೆ. ಆ ನಿಯಮಗಳ ಮಿತಿ ಕ್ಲೋರಿನ್ನಿಗೆ 10 ಟನ್, ಅಮೋನಿಯಕ್ಕೆ 60 ಟನ್ನಿನಿಂದ ಆರಂಭವಾಗುತ್ತದೆ. ಪೇಟೆಯ ನಡುವಿನ ಗೋದಾಮು ಅದರ ಹತ್ತಿರಕ್ಕೂ ಬರುವುದಿಲ್ಲ, ಆದರೆ ಅದರ ಗೋಡೆಗೆ ತಾಗಿಯೇ ಮನೆಗಳಿರುತ್ತವೆ. ಹೀಗಾಗಿ ಇಂಥ ಕಡೆ ಸ್ಥಳೀಯ ಪರವಾನಗಿಯ ತಪಾಸಣೆಯೇ ದೊಡ್ಡ ಆಸರೆ ಎಂಬುದು ನನ್ನ ದೃಢವಾದ ನಂಬಿಕೆ.

ಸಂಜೆ ಇಬ್ಬರೂ ಕೂತು ಗೋದಾಮಿನ ನಕ್ಷೆ ಬರೆದೆವು: ಯಾವ ಮೂಲೆಯಲ್ಲಿ ಏನು, ಎಷ್ಟು, ಬೆಂಕಿ ಬಿದ್ದರೆ ಎಲ್ಲಿ ನೀರು ಹಾಕಬಾರದು, ಯಾರಿಗೆ ಕರೆ ಮಾಡಬೇಕು. ಒಂದು ಪ್ರತಿಯನ್ನು ಬಾಗಿಲ ಹೊರಗಿನ ಗೋಡೆಗೆ ಅಂಟಿಸಿ, ಇನ್ನೊಂದನ್ನು ಮರುದಿನ ಅಗ್ನಿಶಾಮಕ ಠಾಣೆಗೆ ಕೊಟ್ಟುಬಂದೆವು. ಮೂರನೆಯದು ನಗರಸಭೆಯ ಅರ್ಜಿಗೆ ಲಗತ್ತಾಗಿದೆ. ರಾಸಾಯನಿಕ ದಾಸ್ತಾನಿಡುವ ಪ್ರತಿ ಅಂಗಡಿಯಿಂದಲೂ ಇಂಥ ನಕ್ಷೆಯನ್ನು ಕಡ್ಡಾಯವಾಗಿ ಪಡೆಯಬೇಕೆಂದು ಕೋರಿ ನನ್ನ ಹೆಸರಿನಲ್ಲಿ ಒಂದು ಮನವಿಯನ್ನೂ ಅದರ ಜೊತೆಗೆ ಸಲ್ಲಿಸಿದ್ದೇನೆ.